ಸಡಿಲ ಹೆಣಿಗೆ

ಜೂನ್ ೯

ಅಕ್ಕಾ,

ತಲುಪಿದೆವು ಎಂದು ಬರೆಯೋಣವೆಂದರೆ ಎಲ್ಲಿಗೂ ತಲುಪಿಲ್ಲ. ಮನೆಯೇ ಚಕ್ರದ ಮೇಲೆ ಇರುವಾಗ ತಲುಪುವುದು ಎಲ್ಲಿಗೆ ಅಂತ ಇವರು ಕೇಳುತ್ತಾರೆ. ರಿಟೈರಾದ ಬಸ್ ಡ್ರೈವರುಗಳು ಕಾಲು ಚಾಚಿಕೊಂಡು ಮನೆಯಲ್ಲಿ ಪೇಪರ್ ಓದುತ್ತಾರಂತೆ. ನನ್ನ ಪಾಲಿಗೆ ಬಂದ ಮಹಾನುಭಾವರು ಗುಜರಿಗೆ ಹೋಗಬೇಕಿದ್ದ ಬಸ್ಸನ್ನೇ ಕೊಂಡು, ಸೀಟು ಕಿತ್ತು, ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ "ಹತ್ತು" ಅಂದರು. ಹತ್ತಿದ್ದೇನೆ.

ನೀನೂ ಹತ್ತಬೇಕಿತ್ತು. ಮೂವರೂ ಹೋಗೋಣ ಅಂತ ತಾನೇ ನಕ್ಷೆ ಹಾಸಿಕೊಂಡು ಗೆರೆ ಎಳೆದದ್ದು? ನಿನಗೆಂದು ಮಾಡಿಸಿದ ಮೂರನೆಯ ಮಂಚದ ಮೇಲೆ ಈಗ ಉಣ್ಣೆಯ ಚೀಲಗಳು ಮಲಗಿವೆ. ಹೊರಡುವ ಹೊತ್ತಿಗೆ ಸರಿಯಾಗಿ ನೀನು ನಿನ್ನ ಉಣ್ಣೆ ಅಂಗಡಿಯ ಏಣಿಯಿಂದ ಬಿದ್ದು ಸೊಂಟ ಮುರಿದುಕೊಳ್ಳಬೇಕಿತ್ತೇ? "ನನ್ನ ಚಿಂತೆ ಬಿಡಿ, ನೀವಿಬ್ಬರೂ ಹೋಗಿ" ಅಂತ ನೀನೇ ನೂಕಿದೆ. ಸರಿ ಅಂತ ಹೊರಟೆವು.

ನೀನು ಬರದೇ ಇದ್ದದ್ದೇ ಒಳ್ಳೆಯದಾಯಿತು ಬಿಡು. ಮಧ್ಯಾಹ್ನ ತಗಡು ಕಾದು ಒಲೆಯೊಳಗೆ ಕೂತ ಹಾಗಾಗುತ್ತದೆ. ಸ್ನಾನಕ್ಕೆ ಒಂದು ಬಕೆಟ್ಟಿಗಿಂತ ಹೆಚ್ಚು ನೀರಿಲ್ಲ. ರಸ್ತೆ ಕುಲುಕುವ ಕುಲುಕಿಗೆ ಸೊಂಟ ಸರಿ ಇದ್ದವರದೂ ಮುರಿಯಬೇಕು. ಹೆಣೆಯಲು ಕೂತರೆ ಪ್ರತಿ ತಿರುವಿಗೂ ಒಂದು ಕುಣಿಕೆ ಕಡ್ಡಿಯಿಂದ ಜಾರುತ್ತದೆ. ಇಂದು ಬೆಳಿಗ್ಗೆ ಕಣ್ಣು ಬಿಟ್ಟಾಗ ಕಿಟಕಿಯ ಹೊರಗೆ ನೀರೇ ನೀರು, ಅದರ ಮೇಲೆ ಆಗ ತಾನೇ ಬೆಳಕು ಬೀಳುತ್ತಿತ್ತು, ಇವರು... ಅದಿರಲಿ, ಸೊಳ್ಳೆ ವಿಪರೀತ.

ಮಾತು ಕೊಟ್ಟಂತೆ ನಾನು ಹೆಣೆದ ಮೊದಲ ಚೌಕ ಇದರ ಜೊತೆಗಿದೆ. ಪತ್ರಕ್ಕೊಂದು ಚೌಕ. ಎಲ್ಲವನ್ನೂ ಜೋಡಿಸಿ ನಿನ್ನ ಮೊಣಕಾಲಿಗೊಂದು ಕಂಬಳಿ ಮಾಡಿಕೋ. ಫೋನಿನಲ್ಲಿ ನಾನೊಂದು ಹೇಳಿದರೆ ನಿನ್ನ ಕಿವಿಗೆ ಇನ್ನೊಂದು ಕೇಳಿಸುತ್ತದೆ, ಆದ್ದರಿಂದ ಬರೆ. ಮುಂದಿನ ದೊಡ್ಡ ಊರಿನ ಅಂಚೆ ಕಚೇರಿಯ ವಿಳಾಸ ಹಿಂದುಗಡೆ ಇದೆ. ಇವರು ಹೋಗಿ ತರುತ್ತಾರೆ.

ನಿನ್ನ ತಂಗಿ


ಜೂನ್ ೨೨

ಹುಡುಗೀ,

ಐವತ್ತು ದಾಟಿದ್ದರೂ ನನಗೆ ನೀನು ಹುಡುಗಿಯೇ, ಮುಖ ಊದಿಸಿಕೊಳ್ಳಬೇಡ.

ಚೌಕ ತಲುಪಿತು. ಇದೇನು ಹೆಣಿಗೆಯೋ ಸೊಳ್ಳೆಪರದೆಯೋ? ಅಷ್ಟು ಸೊಳ್ಳೆ ಇದ್ದರೆ ಇದನ್ನೇ ಕಿಟಕಿಗೆ ಕಟ್ಟಬಹುದಿತ್ತು. ಕುಣಿಕೆಗಳಲ್ಲಿ ನನ್ನ ಕಿರುಬೆರಳು ತೂರುತ್ತದೆ. ನಿನ್ನ ಕೈ ಎಂಥ ಬಿಗಿ ಅಂತ ಊರಿಗೆಲ್ಲ ಗೊತ್ತು. ನೀನು ಹೆಣೆದ ಕಾಲುಚೀಲವನ್ನು ನೆಲದ ಮೇಲಿಟ್ಟರೆ ತಾನೇ ನಿಂತುಕೊಳ್ಳುತ್ತಿತ್ತು. ದಾರದ ಕುತ್ತಿಗೆ ಹಿಸುಕಬೇಡವೇ ಅಂತ ಎಷ್ಟು ವರ್ಷ ಬೈದಿದ್ದೇನೆ! ಆಗ ಕೇಳದವಳು ಈಗ ಬಸ್ಸು ಹತ್ತಿದ ಮೇಲೆ ಸಡಿಲ ಮಾಡಿದ್ದೀಯ. ಬಸ್ಸಿನ ಕುಲುಕಾಟ ಅಂತ ಈ ಸಲ ಮಾಫಿ.

ನನ್ನ ಸುದ್ದಿ ಏನಿದೆ? ಸೊಂಟ ಕೂಡಿಕೊಳ್ಳುತ್ತಿದೆ ಅಂತ ಡಾಕ್ಟರು ಹೇಳುತ್ತಾರೆ, ಸೊಂಟ ಮಾತ್ರ ಒಪ್ಪುತ್ತಿಲ್ಲ. ಕೋಲು ಹಿಡಿದು ಗಲ್ಲಾದಿಂದ ಕಿಟಕಿಯ ತನಕ ನಡೆಯುತ್ತೇನೆ, ಕಿಟಕಿಯಿಂದ ಗಲ್ಲಾಕ್ಕೆ ವಾಪಸ್ ಬರುತ್ತೇನೆ. ನಿಮ್ಮದು ಅಷ್ಟು ದೊಡ್ಡ ಪ್ರವಾಸ, ನನ್ನದು ಇಷ್ಟು. ಕಲಿಯಲು ಬರುವ ಹೆಂಗಸರು ಎರಡು ಸಾಲು ಹೆಣೆದು ಮೂರು ಮನೆಯ ಸುದ್ದಿ ಹೇಳಿ ಹೋಗುತ್ತಾರೆ. ಕಿವಿ ಮಂದವಾಗಿರುವುದೂ ಒಂದು ಪುಣ್ಯ.

ಬಿಸಿಲಿದೆ ಅಂತ ಬರೆದೆ, ನೀರಿಲ್ಲ ಅಂತ ಬರೆದೆ. ಒಳ್ಳೆಯದು ಒಂದೂ ಇಲ್ಲವೇ? ಡ್ರೈವರ್ ಸಾಹೇಬರು ಹೇಗಿದ್ದಾರೆ? ಅವರ ಗಂಟಲು ನನ್ನ ಕಿವಿಗೂ ಕೇಳಿಸುವಷ್ಟು ದೊಡ್ಡದು. ತಗಡಿನ ಪೆಟ್ಟಿಗೆಯೊಳಗೆ ಹೇಗೆ ತಡೆದುಕೊಂಡಿದ್ದೀಯೋ. ನಿಜ ಬರೆ.

ಅಕ್ಕ


ಜುಲೈ ೧೩

ಅಕ್ಕಾ,

ನಿಜ ಬರೆ ಅಂದೆಯಲ್ಲ, ಬರೆಯುತ್ತೇನೆ.

ಹೋದ ವಾರ ಟಯರು ಪಂಕ್ಚರ್ ಆಯಿತು. ಚಕ್ರ ಬಿಚ್ಚುವಾಗ ನಟ್ಟುಗಳನ್ನು ನನ್ನ ಕೈಗೆ ಕೊಟ್ಟಿದ್ದರು. ಒಂದು ಜಾರಿ ಚರಂಡಿಗೆ ಬಿತ್ತು. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡುವ ಹಾಗೆ ಗದರಿದರು. "ಒಂದು ನಟ್ಟು ಹಿಡ್ಕೊಳ್ಳೋಕೂ ಬರಲ್ವಾ ನಿಂಗೆ?" ಅಂದರು. ನಾನು ತಲೆ ತಗ್ಗಿಸಿಕೊಂಡು ನಿಂತಿದ್ದೆ. ನನಗೆ ನಿನ್ನ ನೆನಪಾಯಿತು.

ಊಟವೂ ಅಷ್ಟೇ. ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಮತ್ತೆ ಬ್ರೆಡ್ಡು. ಬೆನ್ನು ಹಿಡಿದುಕೊಂಡಿದೆ. ಇವರಿಗೆ ಸ್ಟಿಯರಿಂಗು ಸಿಕ್ಕರೆ ಸಾಕು, ಹಿಂದೆ ಒಬ್ಬಳು ಕೂತಿದ್ದಾಳೆ ಅನ್ನುವುದೂ ನೆನಪಿರುವುದಿಲ್ಲ. ನೀನು ನಿನ್ನ ಕಿಟಕಿಯ ಪಕ್ಕ ನೆಮ್ಮದಿಯಾಗಿದ್ದೀಯ, ನಾನು ಇಲ್ಲಿ ಅನುಭವಿಸುತ್ತಿದ್ದೇನೆ. ಅದಲು ಬದಲಾಗಿದ್ದರೆ ಚೆನ್ನಾಗಿತ್ತು.

ಎರಡನೆಯ ಮತ್ತು ಮೂರನೆಯ ಚೌಕ ಒಟ್ಟಿಗೇ ಇಟ್ಟಿದ್ದೇನೆ. ಸಡಿಲವಾಗಿದ್ದರೆ ಬೈಯಬೇಡ.

ನಿನ್ನ ತಂಗಿ


ಜುಲೈ ೧೩, ಅದೇ ದಿನ, ಸಂಜೆ

(ಇದನ್ನು ಅಂಚೆಗೆ ಹಾಕುವುದಿಲ್ಲ.)

ಅಕ್ಕಾ,

ಬೆಳಿಗ್ಗೆ ಹಾಕಿದ ಪತ್ರದಲ್ಲಿ ಎಲ್ಲ ಸುಳ್ಳು. ಡಬ್ಬಿಯೊಳಗೆ ಬಿದ್ದ ಮೇಲೆ ಕೈ ಹಾಕಿ ತೆಗೆಯಲು ಬರುವುದಿಲ್ಲವಲ್ಲ, ಅದಕ್ಕೆ ಇದನ್ನು ಬರೆದು ಇಟ್ಟುಕೊಳ್ಳುತ್ತೇನೆ.

ಇವರು ಗದರಲಿಲ್ಲ. ನಟ್ಟು ಬಿದ್ದಾಗ ನನ್ನ ಮುಖ ನೋಡಿದರು, ಚರಂಡಿ ನೋಡಿದರು, "ಹೋಗ್ಲಿ ಬಿಡು, ಇನ್ನೂ ಉಳಿದಿವೆಯಲ್ಲ, ಒಂದೊಂದೇ ನಿಧಾನಕ್ಕೆ ಹಾಕು" ಅಂದರು. ನನಗೆ ನಗು ತಡೆಯಲಾಗದೆ ರಸ್ತೆಯ ಅಂಚಿನಲ್ಲೇ ಕೂತುಬಿಟ್ಟೆ. ಆಮೇಲೆ ಇಬ್ಬರೂ ಮಂಡಿಯೂರಿ ನನ್ನ ಹೆಣಿಗೆ ಕಡ್ಡಿಯಲ್ಲೇ ಕೆದಕಿದೆವು. ನಟ್ಟು ಕಡ್ಡಿಯ ತುದಿಗೆ ಸಿಕ್ಕಿಕೊಂಡು ಉಂಗುರದ ಹಾಗೆ ಮೇಲೆ ಬಂತು. ಹೋಗುವವರೆಲ್ಲ ನಿಂತು ನೋಡಿದ್ದು ನಿಜ. ಈ ವಯಸ್ಸಿನಲ್ಲಿ ಇವಕ್ಕೆ ಏನು ಬಂದಿದೆ ಅಂತ ನೋಡಿದರು.

ಸರ್ವೀಸಿನಲ್ಲಿದ್ದಾಗ ಯಾರಿಗೂ ಅರೆಗಳಿಗೆ ಕಾಯದ ಮನುಷ್ಯ ಇವರು. ಈಗ ಗೇರ್ ಹಾಕುವ ಮೊದಲು ಕನ್ನಡಿಯಲ್ಲಿ ನನ್ನನ್ನು ನೋಡಿ "ಸಾಲು ಮುಗೀತಾ? ಹೊರಡ್ಲಾ?" ಅಂತ ಕೇಳುತ್ತಾರೆ. ನಾನು "ಇರಿ, ಇನ್ನು ಸ್ವಲ್ಪ" ಅಂದರೆ ಇಂಜಿನ್ ಆರಿಸಿ ಕೂರುತ್ತಾರೆ. ನಿಂತ ಪ್ರಯಾಣಿಕರು ಹಿಡಿದುಕೊಳ್ಳುತ್ತಿದ್ದ ಕಂಬಿಗೆ ನನ್ನ ಉಣ್ಣೆಯ ಉಂಡೆಗಳನ್ನು ನೇತು ಹಾಕಿದ್ದಾರೆ. ಬಸ್ಸು ಓಡುವಾಗ ಬಣ್ಣಬಣ್ಣದ ಉಂಡೆಗಳೆಲ್ಲ ತೂಗುತ್ತವೆ, ಇವರು ರಾಗವಿಲ್ಲದ ಗಂಟಲಲ್ಲಿ ಹಾಡುತ್ತಾರೆ, ನಾನು ಹೆಣೆಯುತ್ತೇನೆ. ಇಷ್ಟು ಸುಖ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಅದನ್ನು ನಿನಗೆ ಹೇಗೆ ಬರೆಯಲಿ? ಮೂರನೆಯ ಮಂಚದ ಮೇಲೆ ನೀನಿಲ್ಲ. ನಮ್ಮ ಈ ಸುಖದಲ್ಲಿ ನಿನ್ನ ಪಾಲೂ ಇತ್ತು. ಅದನ್ನು ನಾನೇ ನುಂಗುತ್ತಿದ್ದೇನೆ ಅನ್ನಿಸುತ್ತದೆ. ಇನ್ನೂ ಒಂದಿದೆ. ನೀನು ಬಿದ್ದ ದಿನ ಓಡಿ ಬಂದವಳ ಮನಸ್ಸಿನಲ್ಲಿ ಮೊದಲು ಬಂದದ್ದು "ಅಯ್ಯೋ ಅಕ್ಕ." ಅದರ ಬೆನ್ನಿಗೇ ಬಂದದ್ದು "ಹಾಗಾದರೆ ನಾವಿಬ್ಬರೇ." ನಿನ್ನನ್ನು ಎತ್ತಿ ಕೂರಿಸುವ ಮೊದಲೇ ಅದು ಬಂದುಬಿಟ್ಟಿತ್ತು. ಅಂದಿನಿಂದ ಬಿಸಿಲು, ಸೊಳ್ಳೆ, ಬೆನ್ನುನೋವು ಎಲ್ಲವನ್ನೂ ಹುಡುಕಿ ಹುಡುಕಿ ನಿನಗೆ ಬರೆಯುತ್ತಿದ್ದೇನೆ. ಅವು ಸಾಲದೆ ಇಂದು ಪಾಪದ ಮನುಷ್ಯನ ಹೆಸರನ್ನೂ ಕೆಡಿಸಿದೆ. ಅವರು ಈಗ ಹೊರಗೆ ನನಗಾಗಿ ಟ್ಯಾಂಕಿಗೆ ನೀರು ತುಂಬುತ್ತಿದ್ದಾರೆ. ಕೈ ಆಡಿಸಿದರು. ನಾನೂ ಆಡಿಸಿದೆ.


ಆಗಸ್ಟ್ ೨

ತಂಗೀ,

ಎರಡು ಚೌಕಗಳನ್ನೂ ಮೇಜಿನ ಮೇಲೆ ಹಾಸಿಕೊಂಡು, ಪಕ್ಕದಲ್ಲಿ ನೀನು ಹೋದ ವರ್ಷ ಹೆಣೆದ ಚೌಕವೊಂದನ್ನು ಇಟ್ಟುಕೊಂಡು ಕೂತಿದ್ದೇನೆ. ಈ ಸಲ ತಮಾಷೆ ಮಾಡುವುದಿಲ್ಲ. ಮೂರನೆಯದು ಎರಡನೆಯದಕ್ಕಿಂತಲೂ ಸಡಿಲ. ದಾರ ಅದೇ, ಕಡ್ಡಿ ಅದೇ, ಕುಣಿಕೆಯೂ ಅಷ್ಟೇ ಹಾಕಿದ್ದೀಯ. ಆದರೂ ಅಂಗೈಯಗಲ ಹೆಚ್ಚಾಗಿದೆ.

ಅಮ್ಮನ ಕೊನೆಯ ವರ್ಷ ನೆನಪಿದೆಯಾ? ಅವಳ ಹೆಣಿಗೆಯೂ ಹೀಗೇ ಸಡಿಲವಾಗುತ್ತ ಬಂತು. ವಯಸ್ಸಾಯಿತು ಅಂದುಕೊಂಡು ನಾವಿಬ್ಬರೂ ಬಿಚ್ಚಿ ಮತ್ತೆ ಹೆಣೆದು ಸುಮ್ಮನಾದೆವು. ಬೆರಳುಗಳಿಂದ ಶಕ್ತಿ ಸೋರಿ ಹೋಗುತ್ತಿದೆ ಅಂತ ಹೊಳೆದಾಗ ಕಾಲ ಮಿಂಚಿತ್ತು. ಇಡೀ ಊರಿಗೆ ಹೆಣಿಗೆ ಕಲಿಸುವ ನನಗೆ ಹೆತ್ತವಳ ಕೈ ಓದಲು ಬರಲಿಲ್ಲ. ಅದು ಇಂದಿಗೂ ನನ್ನನ್ನು ತಿನ್ನುತ್ತದೆ.

ನೀನು ನೋವು ಮುಚ್ಚಿಡುವವಳು. ಬೆನ್ನು ಹಿಡಿದಿದೆ ಅಂತ ಬರೆಯಬೇಕಾದರೆ ಎಷ್ಟು ಹಿಡಿದಿರಬೇಕು? ನಡುರಸ್ತೆಯಲ್ಲಿ ಗದರಿಸಿಕೊಂಡೆ ಅಂತ ಬರೆಯಬೇಕಾದರೆ ಬರೆಯದೆ ನುಂಗಿದ್ದು ಇನ್ನೆಷ್ಟಿರಬೇಕು? ನಾನೇ ನಿನ್ನನ್ನು ಆ ಬಸ್ಸಿಗೆ ನೂಕಿದವಳು. ಈ ಸಲ ಕೈಕಟ್ಟಿ ಕೂರುವುದಿಲ್ಲ. ಮಾಡಬೇಕಾದ್ದನ್ನು ಮಾಡಿದ್ದೇನೆ. ಏನು ಅಂತ ಕೇಳಬೇಡ. ಕಡ್ಡಿ ಮುಟ್ಟಬೇಡ, ಕೈಗೆ ವಿಶ್ರಾಂತಿ ಕೊಡು.

ಅಕ್ಕ


ಆಗಸ್ಟ್ ೧೯

ಅಕ್ಕಾ,

ಇವರಿಗೆ ಏನು ಬರೆದೆ?

ಅಂಚೆ ಕಚೇರಿಯಿಂದ ಎರಡು ಲಕೋಟೆ ಹಿಡಿದುಕೊಂಡು ಬಂದರು. ಒಂದನ್ನು ನನಗೆ ಕೊಟ್ಟರು. ಇನ್ನೊಂದನ್ನು ಬಸ್ಸಿನ ಮೂತಿಗೆ ಒರಗಿ ನಿಂತು ಓದಿದರು. ಓದಿ ಮುಗಿದ ಮೇಲೂ ಅದನ್ನೇ ನೋಡುತ್ತ ನಿಂತಿದ್ದರು. ಮಡಚಿ ಜೇಬಿಗಿಟ್ಟುಕೊಂಡು ಒಳಗೆ ಬಂದು "ಟೀ ಮಾಡ್ಲಾ?" ಅಂದರು. ನಮ್ಮ ಮದುವೆಯಾದಾಗಿನಿಂದ ಇವರು ತಾವಾಗಿ ಟೀ ಮಾಡಿದ್ದನ್ನು ನಾನು ಕಂಡಿಲ್ಲ.

ಮರುದಿನ ಬಸ್ಸು ತಿರುಗಿಸಿದರು. ಕಡಲ ಕಡೆಗೆ ಹೋಗಬೇಕಿತ್ತು, ಊರ ಕಡೆಗೆ ಹೊರಟರು. "ಯಾಕೆ?" ಅಂದೆ. "ಸಾಕಾಯ್ತು" ಅಂದರು. ಈಗ ಹಾಡುವುದಿಲ್ಲ. ರಸ್ತೆಯ ಉಬ್ಬು ಬಂದರೆ ಮೊಟ್ಟೆ ಸಾಗಿಸುವವರ ಹಾಗೆ ದಾಟುತ್ತಾರೆ. ದಿನಕ್ಕೆ ಹತ್ತು ಸಲ "ಬೆನ್ನು ನೋಯ್ತಿದ್ಯಾ? ನಿಲ್ಲಿಸ್ಲಾ?" ಅಂತ ಕೇಳುತ್ತಾರೆ. ನೀರಿಗೆ ಹೋದವರು ವಾಪಸ್ ಬಂದಾಗ ಬಾಗಿಲು ತಟ್ಟಿ ಒಳಗೆ ಬರುತ್ತಾರೆ. ತಮ್ಮದೇ ಬಸ್ಸಿನ ಬಾಗಿಲನ್ನು ತಟ್ಟುತ್ತಾರೆ!

ಕೇಳು, ನಿನ್ನೆ ಏನಾಯಿತು ಅಂತ. ಆಲೂಗಡ್ಡೆ ಸುಲಿಯುತ್ತಿದ್ದವರು ತಲೆಯೆತ್ತದೆ ಅಂದರು, "ಆ ಪಂಕ್ಚರ್ ದಿನ ನಾನು ಗದರಿದ್ನಾ? ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ. ಗದರಿದ್ರೆ ತಪ್ಪಾಯ್ತು. ಡ್ಯೂಟಿ ಗಂಟಲು, ಮಾತೇ ಜೋರಾಗಿ ಬಂದಿರ್ಬೇಕು."

ಗದರದ ಮನುಷ್ಯ ಗದರಿದ್ದಕ್ಕೆ ನನ್ನ ಹತ್ತಿರ ಕ್ಷಮೆ ಕೇಳಿದರು ಅಕ್ಕಾ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಇಲ್ಲ, ನೀವು ಗದರಲೇ ಇಲ್ಲ" ಅಂದೆ. "ಕೇಳಿದ್ರೆ ಇಲ್ಲ ಅಂತಾಳೆ, ನಂಬಬೇಡಿ ಅಂತ ಅಕ್ಕ ಬರ್ದಿದ್ದಾರೆ" ಅಂದರು. ನಾನು ಖುಷಿಯಾಗಿದ್ದೆ ಅಂದೆ. ತಲೆಯಾಡಿಸಿದರು, ಜ್ವರ ಬಂದವರ ಮಾತಿಗೆ ತಲೆಯಾಡಿಸುತ್ತಾರಲ್ಲ, ಹಾಗೆ. ಈಗ ನಾನು ನಕ್ಕರೂ ಇವರಿಗೆ ಅನುಮಾನ. ಮುಂಚೆ ನಕ್ಕದ್ದೆಲ್ಲ ನಟನೆ ಅಂತ ಲೆಕ್ಕ ಹಾಕಿಕೊಂಡುಬಿಟ್ಟಿದ್ದಾರೆ.

ಈ ಊರಿನಲ್ಲಿ ಒಬ್ಬ ಬೇಕರಿಯವನು ಸಿಕ್ಕಿದ್ದಾನೆ. ಬಸ್ಸನ್ನು ಕೊಂಡು ಓಡಾಡುವ ಬೇಕರಿ ಮಾಡುತ್ತಾನಂತೆ. ಮಾತು ನಡೆದಿದೆ. ನಮ್ಮ ಮಂಚ ಇರುವಲ್ಲಿ ಬ್ರೆಡ್ಡಿನ ಕಪಾಟು ಬರುತ್ತದಂತೆ.

ಇದರ ಜೊತೆ ಚೌಕ ಇಲ್ಲ. ಜುಲೈಯಲ್ಲಿ ಬರೆದು ಬಚ್ಚಿಟ್ಟಿದ್ದ ಪತ್ರ ಇದೆ. ಓದಿದ ಮೇಲೆ ನನ್ನನ್ನು ತಂಗಿ ಅನ್ನಬೇಕು ಅನ್ನಿಸದಿದ್ದರೂ ಸರಿ, ಇವರಿಗೆ ಒಂದು ಮಾತು ಬರೆ. ನನ್ನ ಮಾತನ್ನು ನಂಬುವ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೇನೆ. ಬೇಕರಿಯವನ ಮನೆಯ ವಿಳಾಸಕ್ಕೇ ಕಳಿಸು.

ತಂಗಿ


ಆಗಸ್ಟ್ ೩೦

ಮಹಾರಾಯ್ತೀ,

ಓದಿದೆ. ಕೋಲು ಎಸೆದೆ. ಅದು ಉಣ್ಣೆಯ ಕಪಾಟಿನ ಕೆಳಗೆ ಹೋಯಿತು. ಪಾಠಕ್ಕೆ ಬಂದ ಹೆಂಗಸೊಬ್ಬಳು ಬಗ್ಗಿ ತೆಗೆದುಕೊಡುವ ತನಕ ಎದ್ದೇಳಲಾಗದೆ ಕೂತಿದ್ದೆ. ಸಿಟ್ಟು ಬಂದರೂ ನೆಟ್ಟಗೆ ಎದ್ದು ನಿಲ್ಲುವ ಸ್ಥಿತಿ ಇಲ್ಲ ನನಗೆ.

ಅವರಿಗೆ ಬರೆದದ್ದು ಇಷ್ಟು: ನನ್ನ ತಂಗಿಯ ಕೈ ಸೋಲುತ್ತಿದೆ, ಅವಳ ಹೆಣಿಗೆಯೇ ಸಾಕ್ಷಿ. ನೀವು ಜನರ ಮುಂದೆ ಅವಳಿಗೆ ಗದರುವುದು ನನಗೆ ಗೊತ್ತಾಗಿದೆ. ಕೇಳಿದರೆ ಇಲ್ಲ ಅನ್ನುತ್ತಾಳೆ, ನಂಬಬೇಡಿ. ನಿಮ್ಮ ಹುಚ್ಚಿಗೆ ಅವಳನ್ನು ಬಲಿ ಕೊಡಬೇಡಿ. ಈಗ ಓದಿಕೊಂಡರೆ ಮೈ ಉರಿಯುತ್ತದೆ. ನನ್ನ ಸೊಂಟ ಮುರಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನನ್ನು ಹೊತ್ತು ಓಡಿದವರಿಗೆ ನಾನು ಬರೆದ ಪತ್ರ ಇದು.

ನಿನ್ನ "ಹಾಗಾದರೆ ನಾವಿಬ್ಬರೇ" ಓದಿ ನೋವಾಯಿತು. ಆಗಲಿಲ್ಲ ಅಂತ ಬರೆದರೆ ನಾನೂ ನಿನ್ನ ದಾರಿಯನ್ನೇ ಹಿಡಿದ ಹಾಗಾಯಿತು. ಆದರೆ ಹೆಂಡತಿಗೆ ಅಷ್ಟೂ ಅನ್ನಿಸಬಾರದು ಅನ್ನುವುದಕ್ಕೆ ನಾನೇನು ಕಲ್ಲೇ? ಅದನ್ನು ಬಿಡು. ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ನನಗೆ ಹೊಟ್ಟೆಕಿಚ್ಚಾಗುತ್ತದೆ ಅಂತ ತಾನೇ ಮುಚ್ಚಿಟ್ಟದ್ದು? ಆಗುತ್ತಿತ್ತು ಕಣೇ. ಚೆನ್ನಾಗಿ ಆಗುತ್ತಿತ್ತು. ಕಿಟಕಿಯ ಪಕ್ಕ ಕೂತವಳಿಗೆ ಹೊಟ್ಟೆಕಿಚ್ಚಾದರೂ ಒಂದು ಕೆಲಸ. ಕಡ್ಡಿಯ ತುದಿಗೆ ನಟ್ಟು ಬಂದದ್ದನ್ನು ಓದಿ ಈಗ ಒಬ್ಬಳೇ ನಗುತ್ತಿದ್ದೇನೆ. ಅದನ್ನು ಜುಲೈಯಲ್ಲೇ ಕೊಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಇನ್ನು ನನ್ನ ಸರದಿ. ಚೌಕಗಳನ್ನು ಮತ್ತೆ ಹಾಸಿಕೊಂಡು ನೋಡಿದೆ. ಒಂದು ಕುಣಿಕೆಯೂ ಏರುಪೇರಿಲ್ಲ. ಸೋತ ಕೈಯ ಹೆಣಿಗೆ ಒಂದು ಕಡೆ ಬಿಗಿ, ಒಂದು ಕಡೆ ಜೋಲು ಇರುತ್ತದೆ. ಅಮ್ಮನದು ಹಾಗಿತ್ತು. ನಿನ್ನದು ಅಂಚಿನಿಂದ ಅಂಚಿಗೆ ಒಂದೇ ಸಮ, ಉಸಿರಾಡಿದ ಹಾಗಿದೆ. ಇದು ನನಗೆ ಕಾಣಬೇಕಿತ್ತು, ಕಾಣಲಿಲ್ಲ. ಯಾಕೆ ಕಾಣಲಿಲ್ಲ ಅಂದರೆ, ನೀನು ಸುಖವಾಗಿದ್ದಾಗ ನಿನ್ನ ಹೆಣಿಗೆ ಹೇಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ನೀನು ಹೆಣೆದದ್ದು ನನ್ನ ಅಂಗಡಿಯಲ್ಲಿ, ನನ್ನ ಕಣ್ಣ ಕೆಳಗೆ, ತಪ್ಪಿದರೆ ಬೈಸಿಕೊಳ್ಳುತ್ತ. ಕೈ ಬಿಗಿ ಅಂತ ಬೈದವಳೂ ನಾನೇ, ಬಿಗಿ ಮಾಡಿದವಳೂ ನಾನೇ. ಅದು ಸಡಿಲವಾದಾಗ ಕಾಯಿಲೆ ಅಂದುಕೊಂಡೆ.

ಇನ್ನೊಂದನ್ನೂ ಬರೆದುಬಿಡುತ್ತೇನೆ. ನಾನು ಬರದೇ ಇದ್ದದ್ದು ಸೊಂಟ ಮುರಿದದ್ದಕ್ಕಲ್ಲ. ಎರಡು ತಿಂಗಳು ಕಾದರೆ ಕರೆದುಕೊಂಡು ಹೋಗಬಹುದು ಅಂತ ಡಾಕ್ಟರು ಹೇಳಿದ್ದರು. ಅದು ಗೊತ್ತಾಗಿದ್ದರೆ ಕಾಯುತ್ತೇವೆ ಅಂತ ನೀವು ಹಟ ಹಿಡಿಯುತ್ತಿದ್ದಿರಿ, ಅದಕ್ಕೇ ನಾನು ಅದನ್ನು ಹೇಳಲಿಲ್ಲ. ಆ ಬಸ್ಸಿನ ಮೆಟ್ಟಿಲು ನನ್ನ ಮೊಣಕಾಲೆತ್ತರ ಇದೆ. ದಿನಾ ಯಾರಾದರೂ ಕಂಕುಳಿಗೆ ಕೈ ಕೊಟ್ಟು ಮೂಟೆ ಏರಿಸಿದ ಹಾಗೆ ಏರಿಸಬೇಕು. ಅದು ನನ್ನಿಂದಾಗದು. ಇಷ್ಟು ಸಣ್ಣ ಜಂಬಕ್ಕೆ ನಿನ್ನ ತಲೆಯ ಮೇಲೆ ಅಷ್ಟು ಭಾರ ಹೊರಿಸಿದೆ.

ಈ ಪತ್ರವನ್ನು ಅವರ ಕೈಗೇ ಕೊಡು. ಡ್ರೈವರ್ ಸಾಹೇಬರೇ, ನಾನು ಬರೆದದ್ದೆಲ್ಲ ತಪ್ಪು. ಅವಳ ಕೈ ಚೆನ್ನಾಗಿದೆ. ಬಸ್ಸು ಮಾರಬೇಡಿ.

ಅಕ್ಕ


ಸೆಪ್ಟೆಂಬರ್ ೧೧

ಅಕ್ಕಾ,

ನಿನ್ನ ಪತ್ರ ಕೊಟ್ಟೆ. ಓದಿದರು. "ಅಕ್ಕ ತಂಗಿ ಸೇರ್ಕೊಂಡು ನನ್ನನ್ನ ಸಮಾಧಾನ ಮಾಡ್ತಿದ್ದೀರಾ" ಅಂದರು. ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಮಡಚಿ ಜೇಬಿಗಿಟ್ಟುಕೊಂಡು "ಟೀ ಮಾಡ್ಲಾ?" ಅಂದರು.

ಇವತ್ತು ಬೇಕರಿಯವನು ಬಂದ. ಅಳತೆ ಟೇಪು ತಂದಿದ್ದ. ಇವರು ಅವನಿಗೆ ಟೇಪಿನ ಒಂದು ತುದಿ ಹಿಡಿದುಕೊಟ್ಟರು. ಮಂಚದ ಅಳತೆ ಆಯಿತು, ಒಲೆಯ ಅಳತೆ ಆಯಿತು. ಕಂಬಿಗೆ ಕೈ ಹಾಕಿ ಬೇಕರಿಯವನು, "ಈ ಉಂಡೆಗಳನ್ನ ತೆಗೀಬೇ‌ಕು ಅಮ್ಮಾ, ಇಲ್ಲಿ ಬನ್ನಿನ ಬುಟ್ಟಿ ತೂಗಾಕ್ತೀವಿ" ಅಂದ. ಇವರು ಒಂದೊಂದೇ ಉಂಡೆಯನ್ನು ಬಿಚ್ಚತೊಡಗಿದರು. ಎಷ್ಟು ಜೋಪಾನವಾಗಿ ಬಿಚ್ಚುತ್ತಿದ್ದರು ಅಂದರೆ ನನಗೆ ನೋಡಲಾಗಲಿಲ್ಲ.

"ಅದನ್ನ ಮುಟ್ಟಬೇಡಿ" ಅಂತ ಕೂಗಿದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. "ನಾನು ಸುಳ್ಳು ಬರೆದೆ. ಖುಷಿಯಾಗಿದ್ದೀನಿ ಅಂತ ಬರೆಯೋಕೆ ನಾಚಿಕೆ ಆಯ್ತು. ಅಕ್ಕ ಅಲ್ಲಿ ಬಿದ್ದಿದ್ದಾಳೆ, ನಾನು ಇಲ್ಲಿ ನಗ್ತಿದ್ದೀನಿ ಅಂತ ಹೆಂಗೆ ಬರೀಲಿ? ಏನಾದ್ರೂ ಕಷ್ಟ ಬೇಕಿತ್ತು. ಬಿಸಿಲು ಸಾಲ್ಲಿಲ್ಲ. ಅದಕ್ಕೆ ನಿಮ್ಮನ್ನೇ ಕಷ್ಟ ಮಾಡ್ಬಿಟ್ಟೆ. ನೀವು ಗದರ್ಲಿಲ್ಲ. ಒಂದು ದಿನವೂ ಗದರ್ಲಿಲ್ಲ. ಗದರಿದ್ರು ಅಂತ ಬರೆದ ದಿನ ನೀವು ನನಗೆ ನೀರು ತುಂಬ್ತಿದ್ರಿ. ನಾನು ಕಿಟಕಿಯಿಂದ ಕೈ ಆಡಿಸ್ದೆ. ಅಂಥವಳು ನಾನು."

ಇವರು ಉಂಡೆ ಹಿಡಿದುಕೊಂಡೇ ನಿಂತಿದ್ದರು. ಮುಖ ಕೆಂಪಾಗುತ್ತ ಬಂತು. ಆಮೇಲೆ ಆ ಗಂಟಲು ಬಿಚ್ಚಿತು ನೋಡು ಅಕ್ಕಾ! ಇಡೀ ಬಸ್ಸು ಅದುರಿತು.

"ಸರ್ವೀಸ್ ಪೂರ್ತಿ ಬಸ್ ಓಡಿಸಿದ್ದೀನಿ! ಒಬ್ಬನೇ ಒಬ್ಬ ಪ್ಯಾಸೆಂಜರ್ ನನ್ನ ಮೇಲೆ ಕಂಪ್ಲೇಂಟ್ ಬರ್ದಿಲ್ಲ! ಬರ್ದಿದ್ದು ಯಾರು? ನನ್ನ ಹೆಂಡ್ತಿ! ನಾನು ಒಂದು ತಿಂಗಳು ನಿದ್ದೆ ಬಿಟ್ಟು ಯೋಚನೆ ಮಾಡಿದ್ದೀನಿ, ಯಾವತ್ತು ಗದರ್ದೆ, ಯಾಕೆ ಗದರ್ದೆ ಅಂತ. ನನ್ನ ಬಾಯಿ ಮೇಲೆ ನನಗೇ ನಂಬಿಕೆ ಹೋಯ್ತು. ಹಾಡೋಕೂ ಹೆದರ್ಕೊಂಡೆ. ನಿಂಗೆ ಖುಷಿ ಇತ್ತಂತೆ, ಅದನ್ನ ನನ್ನ ಹೆಸರು ಕೆಡ್ಸಿ ಮುಚ್ಚಿಟ್ಯಂತೆ! ಸ್ವಲ್ಪನಾದ್ರೂ ಬುದ್ಧಿ ಇದ್ಯಾ ನಿಂಗೆ?"

ನಾನು ಬರೆದ ಸುಳ್ಳು ಇವತ್ತು ನಿಜವಾಯಿತು. ಜನರ ಮುಂದೆ ನಿಜವಾಗಿಯೇ ಗದರಿಸಿಕೊಂಡೆ. ಅಳು ಬಂತು. ಆದರೆ ಅಷ್ಟು ಹಗುರವಾಗಿ ನಾನು ಯಾವತ್ತೂ ಅತ್ತಿಲ್ಲ. ಟೀ ಮಾಡಿಕೊಟ್ಟಷ್ಟು ದಿನವೂ ಇವರು ನನ್ನನ್ನು ನಂಬಿರಲಿಲ್ಲ. ಹೀಗೆ ಬೈಯಬೇಕಾದರೆ ನಂಬಿರಲೇಬೇಕು.

ಬೇಕರಿಯವನು ಟೇಪು ಸುತ್ತಿಕೊಂಡು, "ನಾಳೆ ಬರ್ಲಾ ಸಾರ್?" ಅಂದ. "ಬರಬೇಡಿ" ಅಂದರು. ಆಮೇಲೆ ನನ್ನ ಜೊತೆ ಒಂದು ಮಾತೂ ಆಡಿಲ್ಲ. ಹೊರಗೆ ಏನೋ ಬಡಿಯುತ್ತಿದ್ದಾರೆ. ಕೇಳಲು ಧೈರ್ಯವಿಲ್ಲ. ಕ್ಷಮಿಸಿದ್ದಾರೆ ಅಂತ ನಿನಗೆ ಬರೆಯಲಾರೆ, ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೂ ಆಗದ್ದನ್ನೂ ಇನ್ನು ಬರೆಯುವುದಿಲ್ಲ. ಈ ಪತ್ರವನ್ನು ಅವರ ಕೈಗೆ ಕೊಟ್ಟು, ಅವರು ಓದಿದ ಮೇಲೆಯೇ ಲಕೋಟೆ ಅಂಟಿಸುತ್ತೇನೆ.

ತಂಗಿ


ಅಕ್ಕ ಅವರಿಗೆ,

ಓದಿದೆ. ಬರೆದದ್ದು ಸರಿ ಇದೆ. ಗದರಿದ್ದು ನಿಜ. ಸಿಟ್ಟು ಇನ್ನೂ ಇಳಿದಿಲ್ಲ, ಇಬ್ಬರ ಮೇಲೂ.

ನಾನು ಬಡಿಯುತ್ತಿರುವುದು ಮೆಟ್ಟಿಲು. ಹಿಂದಿನ ಬಾಗಿಲಿಗೆ ಗೇಣೆತ್ತರದ ಎರಡು ಮೆಟ್ಟಿಲು, ಪಕ್ಕಕ್ಕೊಂದು ಹಿಡಿಕೆ. ಯಾರೂ ಕೈ ಕೊಡಬೇಕಾಗಿಲ್ಲ. ಬರುವ ವಾರ ನಿಮ್ಮ ಅಂಗಡಿಯ ಮುಂದೆ ನಿಲ್ಲಿಸುತ್ತೇನೆ. ಬರುವುದಿಲ್ಲ ಎನ್ನುವುದಾದರೆ ಈ ಸಲ ನಿಜವಾದ ಕಾರಣ ಬರೆಯಿರಿ.

ಡ್ರೈವರ್